ಹಗೇವಿನ ದೀಪ

"ಅತ್ತೀ, ದೀಪಾ ಬಿತ್ತ್ರಿ!"

ಕಂಬಕ್ಕೆ ಅಗಸೆ ಎಣ್ಣೆ ಸವರುತ್ತಿದ್ದ ಮಂಗಲ ತಿರುಗಿ ನೋಡಿದಳು. ನಡುಮನೆಯ ನೆಲದಲ್ಲಿ ಕಾಳು ತುಂಬಲು ತೋಡಿದ ಹಗೇವಿನ ಬಾಯಿಯ ಹತ್ತಿರ ಸೊಸೆ ರೂಪಾಲಿ ಮೊಣಕಾಲೂರಿ ಕೂತು, ಬಾಯಿಗೆ ಮುಚ್ಚಿದ ದಪ್ಪ ಗಾಜಿನೊಳಗೆ ಇಣುಕುತ್ತಿದ್ದಳು. ಅವಳ ಕೈಯಲ್ಲಿ ದಾರದ ತುಂಡೊಂದು ಜೋತಾಡುತ್ತಿತ್ತು. ನೋಡುವ ಮಂದಿ ಬರುವ ಮೊದಲು ಒಮ್ಮೆ ಇಳಿಸಿ ನೋಡೋಣವೆಂದು ಗಾಜಿನ ತೂತಿನಿಂದ ದೀಪ ಬಿಟ್ಟಿದ್ದಳು. ದಾರ ಹರಿದು ದೀಪ ತಳ ಸೇರಿತ್ತು.

"ಒಡೀತೇನು?"

"ಇಲ್ರಿ, ಜೋಳದ ಮ್ಯಾಲೆ ಬಿದ್ದೈತಿ. ಚಂದಂಗ ಉರಿಯಾಕತ್ತೈತಿ."

ಉರಿಯದೆ ಏನು. ಅದು ಬ್ಯಾಟರಿ ದೀಪ. ಪ್ಲಾಸ್ಟಿಕ್ಕಿನ ಕುಡಿ, ಒಳಗೊಂದು ಪುಟ್ಟ ಬಲ್ಬು; ನಿಜವಾದ ಉರಿಯಂತೆ ಕಾಣಲೆಂದು ತಾನಾಗಿಯೇ ನಡುಗುವ ಹಾಗೆ ಮಾಡಿಟ್ಟಿದ್ದರು. ಹಿಂದಿನ ದೀಪಾವಳಿಯಲ್ಲಿ ರೂಪಾಲಿಯೇ ನಿಪ್ಪಾಣಿಯ ಪೇಟೆಯಿಂದ ತಂದಿದ್ದಳು.

ಬೇಡಕಿಹಾಳದ ಆ ದೊಡ್ಡ ಹಳೇ ಮನೆ, ವಾಡೆ, ಮಂಗಲಳ ಗಂಡನ ಮನೆತನದ್ದು. ಗಂಡ ಭಾವುಸಾಹೇಬ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಸುಮ್ಮನೆ ಕೂರುವ ಜೀವವಲ್ಲ. ಸಂಸಾರವನ್ನು ಹಿಂದಿನ ಕೋಣೆಗಳಿಗೆ ಸರಿಸಿ, ಮುಂದಿನ ಪಡಸಾಲೆ ನಡುಮನೆಗಳನ್ನು ಊರಿಗೆ ಬಿಟ್ಟುಕೊಟ್ಟು ಮ್ಯೂಸಿಯಂ ಮಾಡಿದ್ದ. ಊರವರೂ ಧಾರಾಳ ಮನಸ್ಸಿನಿಂದ ತಮ್ಮ ತಮ್ಮ ಅಟ್ಟ ಖಾಲಿ ಮಾಡಿಕೊಂಡರು. ಬೀಸುಕಲ್ಲು ಬಂತು, ತಂಬಾಕು ತೂಗುವ ತಕ್ಕಡಿ ಬಂತು, ಮೂಲೆ ಹರಿದ ಕೌದಿಗಳು ಬಂದವು. ಕೊಟ್ಟವರು ಅಷ್ಟಕ್ಕೇ ಬಿಡಲಿಲ್ಲ. ವಾರಕ್ಕೊಮ್ಮೆ ಬಂದು, ತಮ್ಮ ಬೀಸುಕಲ್ಲನ್ನು ಪಕ್ಕದ ಮನೆಯವರ ಬೀಸುಕಲ್ಲಿನ ಹಿಂದೆ ಇಟ್ಟಿದ್ದಾರೋ ಮುಂದೆ ಇಟ್ಟಿದ್ದಾರೋ ಎಂದು ನೋಡಿಕೊಂಡು ಹೋಗುತ್ತಿದ್ದರು.

ಬಂದವರೆಲ್ಲ ಮೊದಲು ಕೇಳುತ್ತಿದ್ದುದು ಮಾತ್ರ ಹಗೇವನ್ನೇ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ. ಒಳಗೆ ಇಳಿದರೆ ಒಂದು ಕೋಣೆಯಷ್ಟು ಅಗಲ. ಹಿಂದಿನ ಕಾಲದಲ್ಲಿ ವರ್ಷದ ಜೋಳವೆಲ್ಲ ಈ ನೆಲದ ಹೊಟ್ಟೆಯಲ್ಲೇ ಇರುತ್ತಿತ್ತು. ಬಹಳ ವರ್ಷ ಬರಿದಾಗಿದ್ದ ಅದನ್ನು ಈ ಸಲ ಅಕ್ಷಯ ತದಿಗೆಯ ದಿನ ಊರು ಮತ್ತೆ ತುಂಬಿಸಿತ್ತು. ಮನೆಗೊಂದು ಸೇರಿನಂತೆ ಜೋಳ ತಂದು ಸುರಿದರು. ತುಂಬಿತೆನ್ನುವುದು ಮರ್ಯಾದೆಯ ಮಾತು. ತಳದಲ್ಲಿ ಮಂಡಿಮಟ್ಟ ಬಿದ್ದಿತ್ತು. ಮಕ್ಕಳು ಬೀಳಬಾರದೆಂದು ಬಾಯಿಗೆ ಗಾಜು ಕೂರಿಸಿ, ದೀಪ ಇಳಿಸಲು ಅದರಲ್ಲೊಂದು ಅಂಗೈಯಗಲದ ತೂತು ಬಿಟ್ಟರು.

ದೀಪ ಇಳಿಸಿ ತೋರಿಸುವುದು ಮಂಗಲಳ ಕೆಲಸ. "ಹಗೇವು ತಗದ ಕೂಡಲೆ ಯಾರೂ ಇಳೀತಿದ್ದಿಲ್ರಿ. ಒಳಗ ಗಾಳಿ ಕೆಟ್ಟಿರತೈತಿ. ಮೊದಲ ದೀಪಾ ಬಿಡಬೇಕು. ದೀಪಾ ಆರಿದ್ರ ಮನಶಾ ಇಳೀಬಾರದು. ದೀಪಾ ಉರದ್ರ ಗಾಳಿ ಚಲೋ ಐತಿ, ಇಳೀಬೇಕು" ಎಂದು ಒಂದೇ ರಾಗದಲ್ಲಿ ಹೇಳಿ ದಾರ ಬಿಡುತ್ತಿದ್ದಳು. ಮೊದಮೊದಲು ವಾಡೆಯ ಹಳೇ ಹಿತ್ತಾಳೆ ದೀಪವನ್ನೇ ಹಚ್ಚಿ ಇಳಿಸುತ್ತಿದ್ದಳು. ಭಾವುಸಾಹೇಬನಿಗೆ ಅದು ಸರಿಬರಲಿಲ್ಲ. "ಕಟಗಿ ಮನಿ ಇದು. ಮತ್ತ ಹಗಲೆಲ್ಲಾ ದೀಪಾ ಹಚ್ಚಿ ಎಷ್ಟ್ ಹುಳಾ ಸುಡೂದು? ಜೀವಹಿಂಸಾ ಆಗತೈತಿ" ಎಂದ. ಹಿತ್ತಾಳೆ ದೀಪ ಸರಪಳಿಯ ಸಮೇತ ಗೋಡೆಯ ಮೊಳೆಗೆ ಏರಿತು, ಕೆಳಗೆ "ಮುಟ್ಟಬಾರದು" ಎಂಬ ಚೀಟಿ ಬಂತು. ಅಂದಿನಿಂದ ಇಳಿಯುತ್ತಿದ್ದುದು ಬ್ಯಾಟರಿ ದೀಪ. ಅದು ಒಮ್ಮೆಯೂ ಆರಲಿಲ್ಲ. ನೋಡಿದವರು ಚಪ್ಪಾಳೆ ತಟ್ಟಿ, ಫೋಟೋ ಹೊಡೆದುಕೊಂಡು ಹೋಗುತ್ತಿದ್ದರು.

ಮಂಗಲಳಿಗೂ ಒಳಗೊಳಗೇ ಸಮಾಧಾನವಿತ್ತು. ಹಗೇವೆಂದರೆ ಅವಳು ಹೆದರಿ ನಡುಗುತ್ತಿದ್ದವಳು. ದಿಗ್ಗೇವಾಡಿಯ ತವರಿನಲ್ಲಿ ಅವಳು ಪರಕಾರ ಲಂಗ ಉಡುವ ವಯಸ್ಸಿನಲ್ಲಿದ್ದಾಗ ಕಾಕಾ ಹಗೇವಿಗೆ ಇಳಿದವನು ಮೇಲೆ ಬರಲಿಲ್ಲ. ತಮ್ಮನನ್ನು ಎತ್ತಿಕೊಂಡು ಬರುತ್ತೇನೆಂದು ಅವಳ ಅಪ್ಪ ಇಳಿದ. ಇಬ್ಬರನ್ನೂ ಒಂದೇ ಚಕ್ಕಡಿಯಲ್ಲಿ ಹೊಳೆದಂಡೆಗೆ ಒಯ್ದರು. ಮದುವೆಯಾಗಿ ಈ ವಾಡೆಗೆ ಬಂದ ಮೇಲೆ ವರ್ಷಾನುಗಟ್ಟಲೆ ಅವಳು ಆ ಬಾಯಿಯ ಮೇಲೆ ಕಾಲಿಡದೆ ಗೋಡೆಗುಂಟ ಸುತ್ತಿ ಓಡಾಡುತ್ತಿದ್ದಳು. ಮ್ಯೂಸಿಯಂ ಆದ ಮೇಲೆ ಗಾಜು, ಚೀಟಿ, ಚಪ್ಪಾಳೆ, ದಿನದಿನದ ಅದೇ ಮಾತು, ಎಲ್ಲ ಸೇರಿ ಆ ಭಯವನ್ನು ಸವೆಸಿಬಿಟ್ಟಿದ್ದವು. ಭಯ ಹೋಯಿತಲ್ಲ ಎಂದು ಅವಳು ಮನೆದೇವರಿಗೆ ಕೈಮುಗಿದದ್ದೂ ಉಂಟು.

"ಇವರು ಇನ್ನೇನ ಬಂದಬಿಡತಾರ" ಎಂದಳು ಮಂಗಲ. ಕೊಲ್ಹಾಪುರದ ಕಾಲೇಜಿನ ಮಂದಿ ಬರುವುದಿತ್ತು. ಅವರನ್ನು ಎದುರುಗೊಳ್ಳಲು ಭಾವುಸಾಹೇಬ ಹೆದ್ದಾರಿಯವರೆಗೆ ಹೋಗಿದ್ದ. "ಸಮ್ಮೇದನ್ನ ಎಬ್ಬಸಲೇನು?"

"ಬ್ಯಾಡ್ರಿ. ರಾತ್ರಿಪಾಳಿ ಮುಗಿಸಿ ಈಗರ ಮಲಗ್ಯಾರ." ಮಗ ಸಮ್ಮೇದ ಸಕ್ಕರೆ ಕಾರ್ಖಾನೆಯಲ್ಲಿದ್ದ. ಕಬ್ಬು ನುರಿಸುವ ದಿನಗಳು ಶುರುವಾಗಿ ನಿದ್ದೆಗೆ ಬರಗೆಟ್ಟಿದ್ದ. "ಏಣಿ ಹಚ್ಚೂಣ್ರಿ. ನಾನ ಇಳದ ತರ್ತೀನಿ."

ಇಬ್ಬರೂ ಸೇರಿ ಗಾಜು ಸರಿಸಿದರು. ಹುಳಿಯೇರಿದ ಅಂಬಲಿಯಂಥ ವಾಸನೆಯೊಂದು ಮೇಲೆ ಬಂತು. ಆ ವರ್ಷ ಮಳೆ ಬಿಟ್ಟೂಬಿಡದೆ ಹೊಡೆದು ಹಿಂದಿನ ಗೋಡೆ ನೀರು ಕುಡಿದಿತ್ತು. ಜೋಳ ತೇವ ಹಿಡಿದಿರಬೇಕು, ಅತಿಥಿಗಳು ಹೋದ ಮೇಲೆ ಒಣಗಿಸಬೇಕು ಎಂದುಕೊಂಡಳು ಮಂಗಲ. ರೂಪಾಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಏಣಿಯ ಮೇಲೆ ಕಾಲಿಟ್ಟು, ಅತ್ತೆಯ ಮುಖ ನೋಡಿ ಕಿಸಕ್ಕನೆ ನಕ್ಕಳು.

"ಇಳೀಲೇನ್ರಿ ಗೈಡ್ ಬಾಯಾರ? ಗಾಳಿ ಹೆಂಗೈತಿ?"

ಮಂಗಲ ಕೆಳಗೆ ನೋಡಿದಳು. ಜೋಳದ ಮೇಲೆ ದೀಪ ಮಿಣಮಿಣ ನಡುಗುತ್ತಿತ್ತು. ಬಾಯಿಪಾಠದ ಮಾತು, ಅದರ ರಾಗದ ಸಮೇತ ತಾನಾಗಿ ಹೊರಟಿತು.

"ದೀಪಾ ಉರದ್ರ ಗಾಳಿ ಚಲೋ ಐತಿ. ಇಳಿ."

ರೂಪಾಲಿ ಇಳಿದಳು. ತಲೆ ಮರೆಯಾಯಿತು, ಬಳೆಗಳ ಸದ್ದು ಕೆಳಕೆಳಗೆ ಹೋಯಿತು. "ಅಯ್ಯ, ಏನ್ ವಾಸನೀರಿ ಇದು" ಎಂದದ್ದು ಕೇಳಿಸಿತು. ಮತ್ತೆ ಜೋಳದ ಮೇಲೆ ಕಾಲಿಟ್ಟ ಸರಸರ ಸದ್ದು. "ಸಿಕ್ಕಿತ್ರಿ" ಎಂದಳು. ಆಮೇಲೆ, "ಅತ್ತೀ... ತಲಿ ಒಂಥರಾ..." ಎಂದಳು. ಅದು ರೂಪಾಲಿಯ ದನಿಯಂತಿರಲಿಲ್ಲ. ನಿದ್ದೆಯಲ್ಲಿ ಮಾತಾಡಿದ ಹಾಗಿತ್ತು. ಆಮೇಲೆ ಜೋಳ ಜಾರಿದ ಸದ್ದು ಬಂತು.

"ರೂಪಾಲೀ?"

ಕೆಳಗೆ ಅವಳು ಒಂದು ಮಗ್ಗುಲಿಗೆ ಬಿದ್ದಿದ್ದಳು. ಕೈ ಚಾಚಿತ್ತು. ಕೈಯ ಹತ್ತಿರ ದೀಪ ಉರಿಯುತ್ತಲೇ ಇತ್ತು.

ಆಗ ಮಂಗಲಳಿಗೆ ತಿಳಿಯಿತು. ಎಲ್ಲವೂ ಒಟ್ಟಿಗೇ ತಿಳಿಯಿತು. ಆ ದೀಪಕ್ಕೆ ಗಾಳಿ ಬೇಡ. ಅದು ನೀರಿನ ತಳದಲ್ಲೂ ಉರಿದೀತು. ಗೊತ್ತಿದ್ದೂ, ಎಲ್ಲರಿಗಿಂತ ಹೆಚ್ಚು ಗೊತ್ತಿದ್ದೂ, ತಾನೇ ಬಾಯಿಬಿಟ್ಟು ಇಳಿ ಎಂದಿದ್ದಳು.

ಬರಿಗಾಲು ಏಣಿಯ ಮೊದಲ ಮೆಟ್ಟಿಲ ಮೇಲಿತ್ತು. ಯಾವಾಗ ಇಟ್ಟಳೋ ಅವಳಿಗೇ ತಿಳಿಯದು. ಹುಳಿ ವಾಸನೆ ಮೂಗಿಗೆ ಬಡಿಯಿತು. ದಿಗ್ಗೇವಾಡಿಯ ಮನೆಯಲ್ಲಿ ಹಗೇವಿನ ಬಾಯಿಯ ಪಕ್ಕ ಬಿದ್ದಿದ್ದ ಅಪ್ಪನ ತಲೆಯ ಪಟಗಾ ಕಣ್ಣಮುಂದೆ ಬಂತು. ಇಳಿಯುವ ಅವಸರದಲ್ಲಿ ತೆಗೆದು ಒಗೆದಿದ್ದ, ಅದು ಸಂಜೆಯವರೆಗೂ ಅಲ್ಲೇ ಇತ್ತು. ಮಂಗಲ ಕಾಲು ಹಿಂದೆಗೆದುಕೊಂಡಳು. ಇಳಿದರೆ ತಾನೂ ಸತ್ತಂತೆ. ಇಳಿಯದಿದ್ದರೆ ಅವಳು ಸತ್ತಂತೆ. "ಸಮ್ಮೇದಾ!" ಎಂದು ವಾಡೆಯ ತೊಲೆ ಅದುರುವಂತೆ ಕೂಗಿದಳು. ಕೂಗಿದ ಕೂಡಲೇ ಇನ್ನೊಂದು ಭಯ ಮೊದಲಿನದಕ್ಕಿಂತ ಜೋರಾಗಿ ಎದೆಗೆ ಹೊಕ್ಕಿತು: ಅವನು ಬಂದರೆ ಇಳಿಯುತ್ತಾನೆ. ಅವಳು ಬಗ್ಗಿ ಏಣಿಗೆ ಕೈಹಾಕಿ, ಎಲ್ಲಿತ್ತೋ ಆ ಶಕ್ತಿ, ಅಷ್ಟನ್ನೂ ಮೇಲೆ ಎಳೆದು ನೆಲಕ್ಕೆ ಕೆಡವಿದಳು.

ಮಾಳಿಗೆಯಿಂದ ಓಡಿಬಂದ ಸಮ್ಮೇದ ಕಂಡದ್ದು ಅದನ್ನೇ. ಕೆಳಗೆ ಹೆಂಡತಿ ಬಿದ್ದಿದ್ದಾಳೆ, ಮೇಲೆ ಅವ್ವ ಏಣಿ ತೆಗೆದಿಟ್ಟು ಕೂತಿದ್ದಾಳೆ.

"ಏಣಿ ಯಾಕ್ ತಗದಿ? ಅವ್ವಾ, ಏಣಿ ಯಾಕ್ ತಗದಿ!"

"ಇಳೀಬ್ಯಾಡ. ಒಳಗ ಗಾಳಿ ಇಲ್ಲ. ನನ್ನ ಅಪ್ಪ ಹಿಂಗ ಇಳದಾ—"

ಅವನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಏಣಿ ಬಿಟ್ಟು ಹಾರುವುದಕ್ಕೇ ಹೊರಟ. ಮಂಗಲ ಅವನ ಕಾಲಿಗೆ ಬಿದ್ದು ಎರಡೂ ತೋಳಿನಿಂದ ತಬ್ಬಿ ಹಿಡಿದಳು. ಅವನು ಕೊಡವಿದ, ಎಳೆದಾಡಿದ. ಮೊಣಕೈ ಬಾಯಿಗೆ ಬಡಿದು ಅವಳ ತುಟಿ ಒಡೆಯಿತು. ಅವಳು ಬಿಡಲಿಲ್ಲ.

"ಬಿಡ! ನಿನ್ನ ಹೊಟ್ಟ್ಯಾಗಿನ ಮಗಳಾಗಿದ್ರ ಹಿಂಗ ಬಿಡತಿದ್ದೇನು?"

ಆ ಮಾತು ಅವಳ ಎದೆಗೆ ನಾಟಿತು, ಯಾಕೆಂದರೆ ಅದರಲ್ಲಿ ಸುಳ್ಳಿರಲಿಲ್ಲ. ಒಬ್ಬಳು ಹೋದರೂ ಹೋಗಲಿ, ಮಗ ಉಳಿಯಲಿ ಎಂಬ ಯೋಚನೆ ಅವಳ ಮನಸ್ಸಿಗೆ ಬಂದಿತ್ತು. ಬಂದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅದರ ಬಗ್ಗೆ ಅಳಲೂ ಈಗ ಹೊತ್ತಿರಲಿಲ್ಲ.

ಕೂಗಾಟ ಕೇಳಿ ಪಕ್ಕದ ಬಾಳಾಸಾಬ ಓಡಿಬಂದ. ಪಂಪ್‌ಸೆಟ್ಟಿನ ಮೋಟಾರು ಕಟ್ಟುವ ಅಂಗಡಿ ಅವನದು. ಕೈಯೆಲ್ಲ ವಾರ್ನಿಷ್ ಆಗಿತ್ತು. "ಇವನ್ನ ಹಿಡೀರಿ ಬಾಳಾಸಾಬಣ್ಣಾ, ನಿಮ್ಮ ಕಾಲ ಬೀಳತೀನಿ, ಹಿಡೀರಿ!" ಎಂದಳು ಮಂಗಲ. ಏನು ಎತ್ತ ಎಂದು ಕೇಳದೆ ಅವನು ಸಮ್ಮೇದನ ಬೆನ್ನ ಹಿಂದಿನಿಂದ ತೋಳು ಸುತ್ತಿದ.

ಮಂಗಲ ಎದ್ದಳು. ಗೋಡೆಯ ಮೊಳೆಯಿಂದ ಹಿತ್ತಾಳೆ ದೀಪ ಕಿತ್ತಳು, ಚೀಟಿ ಹಾರಿಬಿತ್ತು. ಕಂಬಕ್ಕೆ ಸವರುವ ಎಣ್ಣೆಯನ್ನೇ ಸುರಿದು, ಒರೆಸುವ ಅರಿವೆಯ ಅಂಚು ಹರಿದು ಬತ್ತಿ ಮಾಡಿದಳು. ಅಡುಗೆಮನೆಗೆ ಓಡಿ ಕಡ್ಡಿಪೆಟ್ಟಿಗೆ ತಂದಳು. ಮೊದಲ ಕಡ್ಡಿ ಮುರಿಯಿತು, ಇನ್ನೊಂದು ನೆಲಕ್ಕೆ ಬಿತ್ತು. ಅಂತೂ ಹೊತ್ತಿತು. ಸರಪಳಿಗೆ ಸೇದುವ ಹಗ್ಗ ಬಿಗಿದು ಹಗೇವಿನೊಳಗೆ ಬಿಟ್ಟಳು.

"ನೋಡಪಾ. ಕಣ್ಣ ತಗದ ನೋಡು."

ದೀಪ ಉರಿಯುತ್ತ ಇಳಿಯಿತು. ನಡುವಿಗೆ ಹೋಗುವಷ್ಟರಲ್ಲಿ ಉರಿ ಸಣ್ಣದಾಯಿತು, ನೀಲಿಯಾಯಿತು, ಯಾರೋ ಎರಡು ಬೆರಳಿಂದ ಹೊಸಕಿದ ಹಾಗೆ ಆರಿಹೋಯಿತು. ಕೆಳಗಿನ ದೀಪ ಮಾತ್ರ ಕುಣಿಯುತ್ತಲೇ ಇತ್ತು. ಸಮ್ಮೇದನ ಎಳೆದಾಟ ನಿಂತಿತು. ಬಾಳಾಸಾಬ ತೋಳು ಸಡಿಲಿಸಿದರೂ ಅವನು ಅಲ್ಲೇ ನಿಂತಿದ್ದ.

ಆಗ ಕೆಳಗಿನಿಂದ ಒಂದು ಸದ್ದು ಕೇಳಿಸಿತು. ಗೊರಕೆಯಂಥ, ಎಳೆದೆಳೆದು ಬಿಡುವ ಉಸಿರು.

"ಜೀವ ಐತಿ!" ಎಂದಳು ಮಂಗಲ. "ಗಾಳಿ ಊದಬೇಕು. ಗಾಳಿ, ಬಾಳಾಸಾಬಣ್ಣಾ, ಏನರ ಐತೇನು ನಿಮ್ಮ ಕಡೆ?"

ಅವನು ಅಂಗಡಿಗೆ ಓಡಿದ. ಮೋಟಾರಿನ ಧೂಳು ಹಾರಿಸುವ ಬ್ಲೋವರ್ ಒಂದು ಅವನಲ್ಲಿತ್ತು. ಅವನು ಬರುವಷ್ಟರಲ್ಲಿ ಮಂಗಲ ಗೋಡೆಯ ಮೇಲಿನ ಕೌದಿ ಎಳೆದು, ಹಗ್ಗಕ್ಕೆ ಕಟ್ಟಿ, ಹಗೇವಿನ ಬಾಯಲ್ಲಿ ಮೇಲೆ ಕೆಳಗೆ ಆಡಿಸತೊಡಗಿದ್ದಳು. ಬಾವಿಯ ಕೆಟ್ಟ ಗಾಳಿ ತೆಗೆಯಲು ಹಿಂದೆ ಹೀಗೆ ಮಾಡುತ್ತಿದ್ದರು. ಸಮ್ಮೇದನೂ ಹಗ್ಗಕ್ಕೆ ಕೈಹಾಕಿದ. ತಾಯಿ ಮಗ ಎದುರುಬದುರು ನಿಂತು ಎಳೆಯುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಬಾಳಾಸಾಬ ಬ್ಲೋವರಿನ ಮೂತಿಗೆ ನೀರಿನ ಪೈಪು ಸಿಕ್ಕಿಸಿ ತಳದವರೆಗೆ ಬಿಟ್ಟು ಗುಂಡಿ ಒತ್ತಿದ. ಅದು ಗುರ್ರೆಂದಿತು.

ಆ ಗುರುಗುಟ್ಟುವಿಕೆಯಲ್ಲಿ ಕೆಳಗಿನ ಉಸಿರು ಕೇಳಿಸದಂತಾಯಿತು. ಮಂಗಲಳಿಗೆ ಅತ್ಯಂತ ಹೆದರಿಕೆಯಾದದ್ದು ಆಗಲೇ. ಇದೆಯೋ ಹೋಯಿತೋ ತಿಳಿಯುವ ದಾರಿಯೇ ಇರಲಿಲ್ಲ. ಕರೆಂಟು ಈಗ ಹೋದರೆ? ಆ ಊರಿನಲ್ಲಿ ಕರೆಂಟು ಹೋಗಲು ಕಾರಣವೂ ಬೇಕಿರಲಿಲ್ಲ. ಅವಳು ಬಾಯೊಳಗೆ ಣಮೋಕಾರ ಹೇಳತೊಡಗಿದಳು; ಹುಟ್ಟಿದಾಗಿನಿಂದ ಹೇಳಿದ ಮಂತ್ರ, ನಡುವೆ ಮರೆತು, ಮತ್ತೆ ಮೊದಲಿನಿಂದ ಶುರುಮಾಡಿದಳು.

"ಸಾಕ, ಈಗ ಇಳೀತೀನಿ" ಎಂದ ಸಮ್ಮೇದ.

"ದೀಪಾ ಬಿಡೂನು."

"ಅವ್ವಾ!"

"ದೀಪಾ ಬಿಟ್ಟ ಇಳಿ."

ಮತ್ತೆ ಹಚ್ಚಿದಳು, ಮತ್ತೆ ಬಿಟ್ಟಳು. ನಡು ದಾಟಿತು. ಉರಿ ಬಾಗಿತು, ಕುಗ್ಗಿತು, ಹೋಗಿಯೇಬಿಟ್ಟಿತು ಎನ್ನುವಷ್ಟರಲ್ಲಿ ಮತ್ತೆ ನೆಟ್ಟಗಾಯಿತು. ತಳದ ಜೋಳದ ಮೇಲೆ ಕೂತು ಹೊಗೆಯಾಡುತ್ತ ಉರಿಯಿತು. ಏಣಿ ಇಳಿಸಿದರು. ಮಂಗಲ ಮಗನ ಸೊಂಟಕ್ಕೂ ಕಂಕುಳಿಗೂ ಹಗ್ಗ ಸುತ್ತಿ ತಾನೇ ಗಂಟು ಹಾಕಿದಳು. ಗಂಟು ಬಿಗಿಯುವಾಗ ಅವನ ಎದೆ ಹೊಡೆದುಕೊಳ್ಳುತ್ತಿದ್ದುದು ಕೈಗೆ ತಾಕಿತು.

ಇಳಿದ. ಹೆಂಡತಿಯ ತೋಳಿನ ಕೆಳಗೆ ಇನ್ನೊಂದು ಹಗ್ಗ ಹಾಯಿಸಿ ಕೂಗಿದ. ಮೇಲೆ ಬಾಳಾಸಾಬ, ಮಂಗಲ, ಸದ್ದು ಕೇಳಿ ಬಂದ ಓಣಿಯ ನಾಲ್ಕು ಮಂದಿ, ಎಲ್ಲರೂ ಎಳೆದರು. ರೂಪಾಲಿಯ ತಲೆ ಬಾಯಿಯ ಅಂಚಿಗೆ ಬಂತು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಕೂದಲ ತುಂಬ ಜೋಳ. ಪಡಸಾಲೆಗೆ ಎಳೆದು ಮಲಗಿಸಿದಾಗ ಅವಳ ಎದೆ ಏರುವುದನ್ನು ನೋಡುತ್ತ ಎಲ್ಲರೂ ನಿಂತರು. ಏರಿತು. ನಿಂತಿತು. ಮತ್ತೆ ಏರಿತು.

ಆ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಗಾಡಿ ನಿಂತು, ಭಾವುಸಾಹೇಬ ನಗುತ್ತ, ಹಿಂದೆ ತಿರುಗಿ ಅತಿಥಿಗಳಿಗೆ ಬಾಗಿಲ ಕೆತ್ತನೆ ತೋರಿಸುತ್ತ ಹೊಸ್ತಿಲು ದಾಟಿದ. ಕಂಡದ್ದು ಕಂಡು ಅಲ್ಲೇ ನಿಂತ. ಗಾಡಿಯ ಡ್ರೈವರ್ ಮಾತ್ರ ಒಂದು ಕ್ಷಣವೂ ಯೋಚಿಸಲಿಲ್ಲ. "ಚಲಾ, ಲೌಕರ್ ಚಲಾ!" ಎಂದು ಮರಾಠಿಯಲ್ಲಿ ಅವಸರಿಸುತ್ತ ಹಿಂದಿನ ಬಾಗಿಲು ತೆರೆದ. ಕಾಲೇಜಿನ ಮಂದಿ ಪುಸ್ತಕ ಚೀಲಗಳನ್ನು ರಸ್ತೆಗೆ ಇಳಿಸಿಕೊಂಡು ನಿಂತರು.

ನಿಪ್ಪಾಣಿಯ ದವಾಖಾನೆಯಲ್ಲಿ ಹೊರಗೊಂದು ಬೆಂಚಿತ್ತು. ಸಮ್ಮೇದ ಒಂದು ತುದಿಯಲ್ಲಿ, ಮಂಗಲ ಇನ್ನೊಂದು ತುದಿಯಲ್ಲಿ ಕೂತಿದ್ದರು. ನಡುವೆ ಇಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಮಧ್ಯಾಹ್ನ ಕಳೆದ ಮೇಲೆ ಡಾಕ್ಟರು ಹೊರಬಂದು, ಜೀವಕ್ಕೆ ಭಯವಿಲ್ಲ, ಎರಡು ದಿನ ಇಲ್ಲೇ ಇರಲಿ, ಇನ್ನು ಸ್ವಲ್ಪ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು. ಸಮ್ಮೇದ ಮುಖ ಮುಚ್ಚಿಕೊಂಡು ಅತ್ತ. ಮಂಗಲಳ ಕೈ ಅವನ ಬೆನ್ನಿನ ಕಡೆಗೆ ಹೋಯಿತು, ಖಾಲಿ ಜಾಗದ ಮೇಲೆ ತಡೆಯಿತು, ಮಡಿಲಿಗೆ ಮರಳಿತು. ಸ್ವಲ್ಪ ಹೊತ್ತಿನ ಮೇಲೆ ಅವನೇ ತಲೆ ಎತ್ತಿ, ಅವಳ ಒಡೆದ ತುಟಿ ನೋಡಿ, "ತುಟಿಗಿ..." ಎಂದ. ನೀರು ತರಲು ಎದ್ದುಹೋದ.

ಒಳಗೆ ರೂಪಾಲಿ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದಳು. ಅತ್ತೆಯನ್ನು ಕಂಡು ಕೈ ಎತ್ತಲು ನೋಡಿದಳು. ಮಂಗಲ ಹತ್ತಿರ ಹೋದಳು. ಏನೆನ್ನುತ್ತಾಳೋ, ಏಣಿ ಎಳೆದದ್ದು ಅವಳಿಗೆ ಕಂಡಿತ್ತೋ, ಕಾಲು ಹಿಡಿದು ಕೂಗಿದ್ದು ಕೇಳಿಸಿತ್ತೋ ಎಂದು ಅವಳ ಮುಖವನ್ನೇ ನೋಡಿದಳು.

"ಅತ್ತೀ, ಕೈಯಾಗ ಸಿಕ್ಕಿತ್ರಿ ದೀಪಾ" ಎಂದಳು ರೂಪಾಲಿ, ತಪ್ಪು ಮಾಡಿದವಳ ದನಿಯಲ್ಲಿ. "ಹೆಂಗ ಬಿಟ್ಟೆನೋ ಗೊತ್ತಾಗಲಿಲ್ರಿ. ಉರಿಯಾಕತ್ತಿತ್ತಲ್ರೀ ಅದು. ಮತ್ತ ನನಗ್ಯಾಕ್ ಹಂಗಾತು?"

ಮಂಗಲ ಇನ್ನೂ ಹತ್ತಿರ ಬಾಗಿದಳು. ಸೊಸೆಯ ಕೂದಲಿನಲ್ಲಿ ಇನ್ನೂ ಸಿಕ್ಕಿಕೊಂಡಿದ್ದ ಜೋಳದ ಕಾಳುಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿ ಹಿಡಿದುಕೊಂಡಳು. ಹಾಗೆ ತೆಗೆಯುತ್ತಿರುವಾಗಲೇ ರೂಪಾಲಿಗೆ ನಿದ್ದೆ ಬಂತು.

ಹೊತ್ತು ಮುಳುಗುವ ಮೊದಲು ಬಟ್ಟೆ ಒಯ್ಯಲೆಂದು ಊರಿಗೆ ಬಂದಳು. ವಾಡೆಯಲ್ಲಿ ಯಾರೂ ಇರಲಿಲ್ಲ. ಯಾರೋ ಕೌದಿಯನ್ನು ಮಡಚಿ ತಕ್ಕಡಿಯ ಮೇಲೆ ಇಟ್ಟಿದ್ದರು, ಏಣಿಯನ್ನು ಗೋಡೆಗೆ ಆನಿಸಿದ್ದರು, ಹಗೇವಿನ ಬಾಯಿಗೆ ಗಾಜು ಎಳೆದಿದ್ದರು. "ಮುಟ್ಟಬಾರದು" ಎಂಬ ಚೀಟಿ ಮಾತ್ರ ನೆಲದ ಮೇಲೆ ಬಿದ್ದಿತ್ತು. ಮಂಗಲ ಹಿಂದಿನ ಕೋಣೆಗೆ ಹೋಗಲು ಹೆಜ್ಜೆ ಇಟ್ಟವಳು ಗಾಜಿನ ಹತ್ತಿರ ಬಂದು ನಿಂತಳು. ಮೊದಲು ಬಂದ ವರ್ಷಗಳಲ್ಲಿ ಮಾಡುತ್ತಿದ್ದಂತೆ, ಗೋಡೆಗೆ ಬೆನ್ನು ಹಚ್ಚಿ, ಅದರ ಅಂಚಿಗೆ ಸೀರೆಯ ನೆರಿಗೆಯೂ ತಾಗದಂತೆ ಮೆಲ್ಲಗೆ ಸರಿದು ಆಚೆ ದಾಟಿದಳು. ದಾಟಿದ ಮೇಲೆ ತಿರುಗಿ ನೋಡಿದಳು.

ಗಾಜಿನಡಿ, ತಳದ ಜೋಳದ ಮೇಲೆ, ಹಿತ್ತಾಳೆ ದೀಪ ಎಣ್ಣೆ ತೀರಿ ಆರಿ ಮಗ್ಗುಲಾಗಿ ಬಿದ್ದಿತ್ತು. ಅದರ ಪಕ್ಕದಲ್ಲಿ, ರೂಪಾಲಿಯ ಮೈ ಒತ್ತಿ ಜೋಳದಲ್ಲಿ ಮೂಡಿದ್ದ ತಗ್ಗಿನೊಳಗೆ, ಬ್ಯಾಟರಿ ದೀಪ ಇನ್ನೂ ಉರಿಯುತ್ತಿತ್ತು.